ಎರಡು ಕೊಕ್ಕೆ, ಮೂರು ಕುರ್ಚಿ

ಕಚೇರಿಯಲ್ಲಿ ಆತನನ್ನು ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು. ಇಂಗ್ಲಿಷ್ ಪತ್ರಗಳನ್ನು ಟೈಪು ಮಾಡುವುದು ಕೆಲಸ. ಅಲ್ಪವಿರಾಮ ಹಾಕುವುದು ಪರಾಕ್ರಮ. ಯಾವ ಹೆಸರು ಕಂಡರೂ ಪಕ್ಕದಲ್ಲಿ "ಇವರು ಯಾರೆಂದರೆ" ಎಂದು ಹೇಳುವ ಇನ್ನೊಂದು ಹೆಸರನ್ನು ಕೂರಿಸಿ, ಅತ್ತಿತ್ತ ಒಂದೊಂದು ಕೊಕ್ಕೆ ನೆಟ್ಟು, ಕೋಟೆ ಗೆದ್ದವನಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಬೇರೆಯವರ ಪತ್ರಕ್ಕೂ ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲ.

ಆತನ ಅಕ್ಕ ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿ ನಿವೃತ್ತಳಾಗುವವಳಿದ್ದಳು. ಬೀಳ್ಕೊಡುಗೆ ಸಮಾರಂಭಕ್ಕೆ ಯಾರ್ಯಾರು ಬರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕಾಗದ ಬಂತು. ಉತ್ತರ ಬರೆಯುವ ಭಾರ ತಮ್ಮನ ಮೇಲೆ ಬಿತ್ತು.

"ನೋಡೋ, ಇಷ್ಟು ವರ್ಷ ವೇದಿಕೆ ಹಿಂದೆ ಪಾತ್ರೆ ಹಿಡ್ಕೊಂಡು ನಿಂತಿದ್ದೀನಿ. ಈ ಸಲ ಮೇಲೆ ಕೂರಬೇಕು. ಅದೂ ಅಡುಗೆಯವಳಾಗಿ. ನಿನ್ನ ಅಕ್ಕ ಅಂತ ಬರೀ ಬಾಲ ಕಟ್ಕೊಂಡು ಅಲ್ಲ."

"ನೀನು ಸುಮ್ನಿರಕ್ಕ. ಎರಡು ಕೊಕ್ಕೆ ಹಾಕಿದ್ರೆ ಮುಗೀತು!"

"ಮೈ ಸಿಸ್ಟರ್, ದ ಕುಕ್, ಅಂಡ್ ಐ" ಬರುತ್ತೇವೆ ಎಂದು ಟೈಪು ಮಾಡಿ, ಕಾಗದಕ್ಕೆ ಊದಿ, ಲಕೋಟೆಗೆ ಹಾಕಿದ.

ಹಾಸ್ಟೆಲಿಗೆ ಸಮಾರಂಭದ ಹಿಂದಿನ ದಿನವಷ್ಟೇ ಹೊಸ ವಾರ್ಡನ್ ಬಂದಿದ್ದರು. ಅಡುಗೆಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಪತ್ರ ಓದಿದರು, ಬೆರಳು ಮಡಚಿದರು: ಅಕ್ಕ ಒಂದು, ಅಡುಗೆಯವಳು ಎರಡು, ತಮ್ಮ ಮೂರು. ವೇದಿಕೆಯಲ್ಲಿ ಮೂರು ಕುರ್ಚಿ ಹಾಕಿಸಿ, ಚೀಟಿ ಅಂಟಿಸಿದರು.

ಮರುದಿನ ಅಕ್ಕ-ತಮ್ಮ ಬಂದಾಗ ಬಾಗಿಲಲ್ಲೇ ಕೈಮುಗಿದು ಅಕ್ಕನನ್ನು ಕೇಳಿದರು: "ನೀವು ಇವರ ಅಕ್ಕ ಅಲ್ವಾ?"

"ಹೌದಮ್ಮ."

ಸತ್ಯವನ್ನೇ ಹೇಳಿ ಅಕ್ಕ ಮೊದಲನೆಯ ಕುರ್ಚಿಗೆ ಹೋಗಿ ಕುಳಿತಳು. ಕೊಕ್ಕೆ ಮೂರನೆಯದರಲ್ಲಿ ಕುಳಿತ. ನಡುವಿನದು ಖಾಲಿ.

ವಾರ್ಡನ್ ಮೈಕಿನ ಮುಂದೆ ನಿಟ್ಟುಸಿರಿಟ್ಟರು. "ನಮ್ಮ ಅಡುಗೆಯವರು ಯಾಕೋ ಬಂದಿಲ್ಲ. ಅವರ ಉಡುಗೊರೆ ಗಡಿಯಾರವನ್ನ ಮನೆಗೇ ಕಳಿಸೋಣ."

ಅಕ್ಕನಿಗೆ ಖಾಲಿ ಕುರ್ಚಿಯ ಮೇಲಿನ 'ಅಡುಗೆಯವರು' ಎಂಬ ಚೀಟಿ ಆಗ ಕಂಡಿತು. ಅದರ ಆಚೆ ತಮ್ಮನ ಮುಖ ಸುಣ್ಣದಂತಾಗಿತ್ತು.

"ಏನೋ ಬರ್ದೆ?" ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಎರಡೂ ಕೊಕ್ಕೆ ಸರಿಯಾಗೇ ಹಾಕಿದ್ದೀನಿ ಕಣಕ್ಕ..."

"ಸರಿಯಾಗೇ ಹಾಕಿದ್ದೀಯ! ನಾನೇ ಎರಡು ತುಂಡಾಗಿ ನೇತಾಡ್ತಿದ್ದೀನಿ!"

ಎದುರಿಗೆ ಹುಡುಗಿಯರು ಆಗಲೇ ಗುಸುಗುಸು ಶುರು ಮಾಡಿದ್ದರು. ಅಕ್ಕ ಎದ್ದಳು. ಸೀರೆ ಸರಿಮಾಡಿಕೊಂಡು, ಸೇನಾಪತಿ ಗಡಿ ದಾಟುವ ಗತ್ತಿನಲ್ಲಿ ಒಂದೇ ಹೆಜ್ಜೆ ಇಟ್ಟು ನಡುವಿನ ಕುರ್ಚಿಯಲ್ಲಿ ಕುಳಿತಳು. ಸಭಾಂಗಣ ಕಾಲು ಬಡಿದು ಕೂಗಿತು.

ವಾರ್ಡನ್ ಗಾಬರಿಯಾಗಿ ಪತ್ರ ತೆಗೆದರು. "ಇದರಲ್ಲಿ ಮೂರು ಜನ ಇದ್ದೀರಲ್ಲಮ್ಮ?"

"ಇಬ್ಬರೇ ತಾಯಿ. ಇವನ ಅಕ್ಕನಾದ ಅಡುಗೆಯವಳು ನಾನೇ. ನಮ್ಮ ಮಾತಲ್ಲಿ ಒಂದು 'ಆದ' ಸಾಕು, ಗಂಟು ಬಿಗಿಯಾಗಿ ಬೀಳುತ್ತೆ. ಇವನ ಕೊಕ್ಕೆಯಲ್ಲಿ ಹಾಕಿದ್ದೆಲ್ಲ ಜಾರುತ್ತೆ."

ವಾರ್ಡನ್ ಪತ್ರವನ್ನು ಮತ್ತೊಮ್ಮೆ ಓದಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟರು. ನಗುತ್ತಲೇ ಬಂದು ಅಡುಗೆಯವಳ ಕೈಗೆ ಗಡಿಯಾರ ಕಟ್ಟಿದರು.

"ಈ ಖಾಲಿ ಕುರ್ಚಿ ತೆಗೆಸಲಾ?"

"ಬೇಡಮ್ಮ, ಇರಲಿ. ಅದು ಇವನ ಅಕ್ಕಂದು."

ಹಾಗೆಂದು ತನ್ನ ಕೈಚೀಲವನ್ನು ಅದರ ಮೇಲಿಟ್ಟಳು. ಕಾರ್ಯಕ್ರಮ ಮುಗಿಯುವವರೆಗೂ ಕೊಕ್ಕೆಯ ಅಕ್ಕ ತುಟಿಪಿಟಕ್ಕೆನ್ನದೆ ಅಲ್ಲೇ ಕುಳಿತಿದ್ದಳು, ಮಾತೆಲ್ಲ ಅಡುಗೆಯವಳದೇ.