ಚಾಚಿ ಕಾಯ್ದ ಗಿಡ

ಮೊನ್ನೆ ಬೆಳಿಗ್ಗೆ ಇಲ್ಲಿ ಇಳಕಲ್ಲಿನಲ್ಲಿ ನಮ್ಮ ಮನೆಯ ಹಿಂದಿರುವ ನೇಕಾರರು ನೀರೊಲೆಗೆ ಹಸಿ ಬಂದರಿಕಿ ಕಟ್ಟಿಗೆ ಹಚ್ಚಿದ್ದರು. ಗುಡ್ಡದ ಕಲ್ಲಿನ ಸಂದಿಯಲ್ಲಿ ಬೆಳೆಯುವ ಗಿಡ ಅದು. ಎಲೆಯಲ್ಲಿ ಅಂಟಿನಂಥ ಎಣ್ಣೆ ಇರುವುದರಿಂದ ಹಸಿಯಿದ್ದರೂ, ಮಳೆಯಲ್ಲಿ ತೊಯ್ದಿದ್ದರೂ ಚಟಚಟ ಉರಿಯುತ್ತದೆ. ಅದರ ಕಹಿ ಹೊಗೆ ನಡುಮನೆಯವರೆಗೆ ಬಂತು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಇಷ್ಟು ಹೊಗೆಗೆ ಏನಾಯಿತು ನಿನಗೆ ಎಂದು ಮಗಳು ಕೇಳಿದಳು. ಏನೂ ಆಗಿರಲಿಲ್ಲ. ಬಾದಾಮಿಯ ನಮ್ಮ ಬಾಜೂ ಮನೆಯ ಚಾಚಿ ನೆನಪಾಗಿದ್ದಳು, ಅಷ್ಟೇ. ಇಷ್ಟು ವರ್ಷವಾದರೂ ಆಕೆ ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟು. ಆಕೆಯ ಮೇಲಲ್ಲ... ಯಾರ ಮೇಲೆ ಎಂಬುದು ಇನ್ನೂ ತಿಳಿದಿಲ್ಲ.

ನಾನು ಮದುವೆಯಾಗಿ ಬಾದಾಮಿಗೆ ಬಂದಾಗ ಚಾಚಿಗೆ ನಲವತ್ತರ ಆಸುಪಾಸು. ಎತ್ತರದ ಹೆಂಗಸು, ದೊಡ್ಡ ದನಿ. ಆಕೆಯ ಗಂಡ ಕಲಾಯಿ ಹಾಕುವವರು. ತಿದಿ ಹೊತ್ತು ಹಳ್ಳಿಹಳ್ಳಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುತ್ತಿದ್ದರು, ಮನೆಯಲ್ಲಿ ಇರುತ್ತಿದ್ದುದು ಕಡಿಮೆ. ಮಕ್ಕಳಿರಲಿಲ್ಲ. ನಮ್ಮಿಬ್ಬರ ಮನೆಗೂ ನಡುವಿನ ಗೋಡೆ ಒಂದೇ. ನಮ್ಮತ್ತೆ ಇಷ್ಟಲಿಂಗದ ಪೂಜೆಗೆ ಕೂತಾಗ ಆ ಕಡೆ ಚಾಚಿ ಮೇಕೆಯನ್ನು ಬೈಯುತ್ತಿದ್ದರೆ, ಅತ್ತೆ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಕಟ್ಟಿಗೆ ತರಲು ನಾವಿಬ್ಬರೂ ಕೂಡಿಯೇ ಗುಡ್ಡಕ್ಕೆ ಹೋಗುತ್ತಿದ್ದೆವು. ಊರಿಗೆ ಒತ್ತಿಕೊಂಡು ನಿಂತ ಕೆಂಪು ಬಂಡೆಯ ಸೀಳಿನಲ್ಲಿ ಮೆಟ್ಟಿಲು ಹತ್ತಿ ಹೋದರೆ, ಮೇಲೆ ಕಣದ ಹಾಗೆ ಸಪಾಟು ಬಯಲು. ಕಲ್ಲಿನ ತಗ್ಗುಗಳಲ್ಲಿ ನೀರು, ಸಂದಿಗಳಲ್ಲಿ ಬಂದರಿಕಿ, ಕವಳಿ ಕಂಟಿ. ಆ ಪೊದೆಗಳಲ್ಲಿ ಒಂದು ಹಕ್ಕಿಯಿತ್ತು, ಅದನ್ನು ನನಗೆ ತೋರಿಸಿದ್ದು ಚಾಚಿ. ಊರೊಳಗಿನ ಪಿಕಳಾರದಷ್ಟೇ ಇತ್ತು, ಆದರೆ ತಲೆಯ ಮೇಲೆ ಜುಟ್ಟಿರಲಿಲ್ಲ. ಬೂದು ಎದೆ, ಅರಿಷಿಣ ಹಚ್ಚಿದಂಥ ಕೊರಳು. ಕವಳಿ ಹಣ್ಣು ತಿಂದುಕೊಂಡು ಬಂಡೆಯ ಅಂಚಿನ ಪೊದೆಗಳಲ್ಲೇ ಇರುತ್ತಿತ್ತು. ಕೆಳಗೆ ನಮ್ಮ ಓಣಿಯ ಬೇವಿನ ಗಿಡಕ್ಕೆ ಒಂದು ದಿನವೂ ಇಳಿದು ಬಂದದ್ದನ್ನು ನಾವು ಕಾಣಲಿಲ್ಲ. ಕಣಿವೆಯ ಆಚೆ ಅಂಥದೇ ಇನ್ನೊಂದು ಗುಡ್ಡವಿತ್ತು. ಅಲ್ಲಿಯೂ ಈ ಹಕ್ಕಿ ಇದೆ, ಆದರೆ ಅಲ್ಲಿಯದು ಅಲ್ಲೇ, ಇಲ್ಲಿಯದು ಇಲ್ಲೇ ಎಂದು ಚಾಚಿ ಹೇಳುತ್ತಿದ್ದಳು. ದಿನವಿಡೀ ಬಾಯಿ ನಿಲ್ಲದ ಹೆಂಗಸು, ಅದು ಹಾಡಲು ಹಿಡಿದರೆ ಕೊಡಲಿ ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದಳು. ನನಗೆ ಮೊದಮೊದಲು ಬೇಸರ. ಮನೆಯಲ್ಲಿ ರೊಟ್ಟಿ ಬಡಿಯುವುದಿರುತ್ತಿತ್ತು. ಆಮೇಲೆ ನಾನೂ ಕೂಡಲು ಕಲಿತೆ.

ನನ್ನ ಮಗಳು ಹುಟ್ಟಿ ಅಂಬೆಗಾಲು ಇಡುತ್ತಿದ್ದ ವರ್ಷ ಊರಿಗೆ ಪ್ಲೇಗು ಬಂತು. ಮಳೆಗಾಲ ಆಗಷ್ಟೇ ಹಿಡಿದಿತ್ತು. ಮೊದಲು ಪೇಟೆಯಲ್ಲಿ ಇಲಿ ಸತ್ತು ಬಿದ್ದವು, ಆಮೇಲೆ ನಮ್ಮ ಓಣಿಯಲ್ಲಿ. ಮನೆ ಬಿಟ್ಟು ಹೊರಗೆ ಹೋಗಲೇಬೇಕು. ಬೇರೆ ಹೊತ್ತಿನಲ್ಲಾದರೆ ಹೊಲದಲ್ಲಿ ಗುಡಿಸಲು ಹಾಕಬಹುದಿತ್ತು. ಮಳೆಯಲ್ಲಿ ಕರಿ ಮಣ್ಣಿನ ಎರಿ ಹೊಲ ಮೊಳಕಾಲುದ್ದ ರಾಡಿ. ಹಾಗಾಗಿ ನಮ್ಮ ಓಣಿಯವರೆಲ್ಲ ಹಾಸಿಗೆ, ಬೀಸುಕಲ್ಲು, ಮೇಕೆ, ಮಕ್ಕಳನ್ನು ಹೊತ್ತು ಗುಡ್ಡ ಹತ್ತಿದೆವು. ಮೇಲೆ ಕಲ್ಲು ನೆಲ, ನೀರು ನಿಲ್ಲುವುದಿಲ್ಲ. ಗುಡಿಸಲಿನ ಹೊದಿಕೆಗೆ ಬಂದರಿಕಿಗಿಂತ ಒಳ್ಳೆಯದಿಲ್ಲ. ಒಂದು ಬೆಳಗಿನಲ್ಲಿ ಅರ್ಧ ಬಯಲು ಬೋಳಾಯಿತು.

ಚಾಚಿ ನಮ್ಮ ಓಣಿಯ ಹಿರಿಯರಾದ ಶೆಟ್ಟರ ಹತ್ತಿರ ಹೋದಳು. ಮೂಡಣ ಅಂಚಿನ ಪೊದೆಗಳನ್ನಾದರೂ ಬಿಡಿ, ಹಕ್ಕಿ ಗೂಡು ಕಟ್ಟಿವೆ ಎಂದು ಕೇಳಿಕೊಂಡಳು. ಶೆಟ್ಟರು ಕೆಟ್ಟವರಲ್ಲ. ಹಿಂದಿನ ದಿನವಷ್ಟೇ ತಮ್ಮನನ್ನು ಮಣ್ಣು ಮಾಡಿ ಬಂದಿದ್ದರು.

"ಮಂದಿ ಸಾಯಾಕತ್ತಾರವಾ. ಹಕ್ಕಿ ಆಚಿ ಗುಡ್ಡಕ್ಕ ಹೋಗ್ತಾವ ತಗೋ," ಎಂದರು.

"ಹೋಗೂದಿಲ್ರಿ ಅವು. ಹೋಗೂವಾಗಿದ್ರ ಇಷ್ಟೊತ್ತಿಗೆ ಹೋಗ್ತಿದ್ವು," ಎಂದಳು ಚಾಚಿ.

ಶೆಟ್ಟರು ಕೊನೆಗೆ ಆ ಅಂಚಿಗೆ ಯಾರೂ ಹೋಗಬಾರದೆಂದು ಎಲ್ಲರಿಗೂ ಹೇಳಿಸಿದರು. ಎಲ್ಲರೂ ಹೂಂ ಅಂದರು. ಹೂಂ ಅಂದವರೇ ಕಡಿದರು. ಬೆಳಗಾದರೆ ಒಂದು ಪೊದೆ ಇರುತ್ತಿರಲಿಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ. ಚಾಚಿ ಗುಡಿಸಲು ಗುಡಿಸಲಿಗೆ ಹೋಗಿ ಜಗಳವಾಡಿದಳು. ಆಮೇಲೆ ಜಗಳ ಬಿಟ್ಟು, ಎಲ್ಲರೂ ಕಾಲಿಡಲು ಹೆದರುತ್ತಿದ್ದ ಊರೊಳಗೆ ಇಳಿದಳು. ತನ್ನ ಮನೆಯಲ್ಲಿ ಒಟ್ಟಿದ್ದ ಕಟ್ಟಿಗೆಯನ್ನೆಲ್ಲ ಹೊರೆಹೊರೆಯಾಗಿ ತಲೆಯ ಮೇಲೆ ಹೊತ್ತು ತಂದು ಹಂಚಿದಳು. ಅದು ಮುಗಿದ ಮೇಲೆ ಮೇಕೆ ಗೂಟ, ಮಲಗುವ ಹೊರಸಿನ ಕಾಲು, ಕೊನೆಗೆ ಹಿತ್ತಲ ಬಾಗಿಲು. ನಮ್ಮತ್ತೆ ಕೈಹಿಡಿದು ಬೇಡಿಕೊಂಡರು, ಸತ್ತ ಇಲಿಗಳ ನಡುವೆ ಹೋಗಬ್ಯಾಡವಾ ಎಂದು. ಕೇಳಲಿಲ್ಲ. ಜನ ಆಕೆ ತಂದ ಕಟ್ಟಿಗೆಯನ್ನೂ ಉರಿಸಿದರು, ಅಂಚಿನ ಪೊದೆಗಳನ್ನೂ ಉರಿಸಿದರು. ಅವರನ್ನು ಬೈಯೋಣವೆಂದರೆ ಒಬ್ಬೊಬ್ಬರ ಗುಡಿಸಲಲ್ಲೂ ಒಬ್ಬರು ನರಳುತ್ತ ಮಲಗಿದ್ದರು.

ಹೀಗೆ ಹೀಗೆ ಕೊನೆಗೆ ಅಂಚಿನಲ್ಲಿ ಉಳಿದದ್ದು ಒಂದೇ ಬಂದರಿಕಿ ಪೊದೆ. ಅದರಲ್ಲೊಂದು ಗೂಡು, ಗೂಡಿನಲ್ಲಿ ಮರಿ. ಚಾಚಿ ತನ್ನ ಗುಡಿಸಲನ್ನೇ ಕಿತ್ತು ತಂದು ಅದರ ಮಗ್ಗುಲಿಗೆ ಹಾಕಿಕೊಂಡಳು. ಅದನ್ನು ಯಾರೂ ಮುಟ್ಟಲಿಲ್ಲ.

ಆಗ ನನ್ನ ಕೂಸಿಗೆ ಜ್ವರ ಬಂತು. ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಗುಡಿಸಲು ಸೋರಿ ಹಾಸಿಗೆ, ಅರಿವೆ, ಕಟ್ಟಿಗೆ ಎಲ್ಲ ತೊಯ್ದಿದ್ದವು. ಕೂಸಿನ ಕೈಕಾಲು ತಣ್ಣಗಾಗಿ ತುಟಿ ನೀಲಿಯಾಗಿತ್ತು. ನನ್ನ ಗಂಡ ಔಷಧಿ ತರಲೆಂದು ಬಾಗಲಕೋಟೆಗೆ ಹೋದವರು ಬಂದಿರಲಿಲ್ಲ. ಅತ್ತೆ ಒಲೆ ಊದಿ ಊದಿ ಸೋತು ಅಳುತ್ತಿದ್ದರು. ಒಂದು ಕಿಡಿಯೂ ಹಿಡಿಯಲಿಲ್ಲ. ಚಾಚಿ ಬಾಗಿಲಲ್ಲಿ ಬಂದು ನಿಂತು ಕೂಸನ್ನು ನೋಡಿದಳು, ಒಲೆಯನ್ನು ನೋಡಿದಳು. ತಿರುಗಿ ಮಳೆಯಲ್ಲೇ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಮಳೆಯ ಸದ್ದಿನ ನಡುವೆ ಕೊಡಲಿಯ ಸದ್ದು ಕೇಳಿತು. ಅದು ಯಾವ ಗಿಡದ್ದೆಂದು ನನಗೆ ಗೊತ್ತಾಯಿತು. ನಾನು ಕೂಗಿ ತಡೆಯಲಿಲ್ಲ. ಕೂಸು ತೊಡೆಯ ಮೇಲಿತ್ತು. ಯಾವ ತಾಯಿಯೂ ತಡೆಯುತ್ತಿರಲಿಲ್ಲ. ಚಾಚಿ ಹೊರೆ ತಂದು ಹಾಕಿ ತಾನೇ ಒಲೆ ಹಚ್ಚಿದಳು. ಬಂದರಿಕಿ ಭಗ್ಗನೆ ಹತ್ತಿತು. ಅರಿವೆ ಕಾಸಿ ಕಾಸಿ ಕೂಸಿನ ಎದೆಗೆ, ಅಂಗಾಲಿಗೆ ಶಾಖ ಕೊಟ್ಟೆವು, ಬಿಸಿನೀರು ಕುಡಿಸಿದೆವು. ಸಂಜೆಯ ಹೊತ್ತಿಗೆ ಕೂಸು ಬೆವರಿತು, ಆಮೇಲೆ ಹಾಲಿಗೆ ಅತ್ತಿತು. ಅದು ಪ್ಲೇಗು ಆಗಿರಲಿಲ್ಲ, ಥಂಡಿ ಜ್ವರ. ಚಾಚಿ ಅದರ ಕೆನ್ನೆ ಸವರಿ ಎದ್ದು ಹೋದಳು. ಗೂಡಿನಲ್ಲಿದ್ದ ಮರಿಗಳನ್ನು ಸೆರಗಿನಲ್ಲಿಟ್ಟುಕೊಂಡು ಕಾಯ್ದಳಂತೆ. ಅವು ಉಳಿಯಲಿಲ್ಲ. ಆ ಜೋಡಿ ಹಕ್ಕಿ ಮರುದಿನವೂ ಬಾಯಲ್ಲಿ ಹುಳ ಹಿಡಿದುಕೊಂಡು ಮೋಟು ಬುಡದ ಸುತ್ತ ಸುಳಿದಾಡಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಕಾಣಲಿಲ್ಲ.

ರೋಗ ತಗ್ಗಿ ನಾವು ಊರಿಗೆ ಇಳಿದೆವು. ಮರುವರ್ಷ ಗುಡ್ಡದ ಮೇಲೆ ಬಂದರಿಕಿ ಬುಡದಿಂದಲೇ ಚಿಗುರಿ ಮೊದಲಿನ ಹಾಗೆ ದಟ್ಟವಾಯಿತು. ಕವಳಿ ಹಣ್ಣಾಗಿ ಉದುರಿತು. ತಿನ್ನುವ ಹಕ್ಕಿ ಮಾತ್ರ ಬರಲಿಲ್ಲ. ಗಾಳಿ ಈ ಕಡೆ ಬೀಸಿದಾಗ ಆಚೆ ಗುಡ್ಡದಲ್ಲಿ ಕೂಗುವುದು ಕೇಳುತ್ತಿತ್ತು. ಅದು ಕೇಳಿದರೆ ಚಾಚಿ ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದುಬಿಡುತ್ತಿದ್ದಳು.

ಒಮ್ಮೆ ಗಂಡ ಊರಲ್ಲಿದ್ದಾಗ ಅವರನ್ನು ಕಾಡಿಸಿ ಆಚೆ ಗುಡ್ಡಕ್ಕೆ ಕರೆದೊಯ್ದಳು. ಇಬ್ಬರೂ ಕಡ್ಡಿಗಳಿಗೆ ಆಲದ ಹಾಲಿನ ಅಂಟು ಹಚ್ಚಿ ಒಂದು ಜೋಡಿ ಹಿಡಿದು, ಬುಟ್ಟಿಯಲ್ಲಿಟ್ಟು ತಂದರು. ದಾರಿಯಲ್ಲೇ ಒಂದು ಸತ್ತಿತು. ಇನ್ನೊಂದನ್ನು ಬಿಡುವಾಗ ನಾನೂ ಮೇಲಿದ್ದೆ. ಚಾಚಿ ಬುಟ್ಟಿಯ ಬಾಯಿ ತೆರೆದಳು. ಹಕ್ಕಿ ಪೊದೆಯ ಮೇಲೆ ಕೂತು ರೆಕ್ಕೆ ಝಾಡಿಸಿತು. ಒಂದು ಕವಳಿ ಹಣ್ಣನ್ನೂ ಕುಕ್ಕಿತು. ಚಾಚಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅದು ಎದ್ದು ಕಣಿವೆಯ ಮೇಲಿಂದ ನೆಟ್ಟಗೆ ಹಾರಿ ಆಚೆ ಗುಡ್ಡ ಸೇರಿತು.

"ಹೋಗೂದಿಲ್ಲ ಅಂದಿದ್ದೆ. ಹೋತು ನೋಡು," ಎಂದಳು ಚಾಚಿ. "ಹೋಗಾಕ ಬರ್ತದ ಅದಕ್ಕ. ಇಲ್ಲಿಗೆ ಬರಾಕ ಬರೂದಿಲ್ಲ, ಅಷ್ಟ."

ಬುಟ್ಟಿಯನ್ನು ಕಾಲಲ್ಲಿ ಒದ್ದು ಕಣಿವೆಗೆ ಬೀಳಿಸಿದಳು. ಆಮೇಲೆ ಆಕೆ ಗುಡ್ಡ ಹತ್ತಲಿಲ್ಲ. ಕಟ್ಟಿಗೆಯನ್ನು ಹಳ್ಳದ ಕಡೆಯಿಂದ ತರತೊಡಗಿದಳು.

ಗಂಡನ ಕೈಗೆ ನಡುಕ ಬಂದು ಕಲಾಯಿ ಕೆಲಸ ಆಗದಂತಾದಾಗ ಅವರಿಬ್ಬರೂ ಬಾಗಲಕೋಟೆಗೆ, ಚಾಚಿಯ ಮೈದುನನ ಮನೆಗೆ ಹೋದರು. ಚಕ್ಕಡಿ ಹತ್ತುವಾಗ ನಾನು ಆ ಮಳೆಯ ದಿನದ ಮಾತು ತೆಗೆದೆ. ಚಾಚಿ, ನಿನ್ನಿಂದ ಈ ಕೂಸು... ಎಂದಷ್ಟೇ ಅಂದಿದ್ದೆ.

"ಆ ಮಾತು ತಗೀಬ್ಯಾಡ," ಅಂದಳು. "ಮತ್ತ ಅಂಥಾ ಹೊತ್ತು ಬಂದ್ರೂ ಕಡೀತೇನಿ ನಾ. ಅದಕ್ಕ ನನಗ ಸಿಟ್ಟು ಬರ್ತದ."

ಮಗಳ ತಲೆಯ ಮೇಲೆ ಕೈಯಿಟ್ಟು, ಮುಖ ಆ ಕಡೆ ತಿರುಗಿಸಿ ಕೂತಳು. ಬಾಗಲಕೋಟೆಯಲ್ಲಿ ತೀರಿಕೊಂಡಳೆಂದು ನನಗೆ ತಿಳಿದಾಗ ಆಗಲೇ ವರ್ಷವಾಗಿತ್ತು.

ಮೊನ್ನೆ ಕಿಟಕಿ ಮುಚ್ಚಿ ಬಂದು ಇದನ್ನೆಲ್ಲ ಮಗಳಿಗೆ ಹೇಳಿದೆ. ಆಕೆಗೂ ಈಗ ಮೊಮ್ಮಕ್ಕಳು. ಪೂರ್ತಿ ಕೇಳಿದಳು. ಕೊನೆಗೆ ಆ ಹಕ್ಕಿ ಹೆಂಗ ಕೂಗ್ತಿತ್ತು ಎಂದಳು. ತೋರಿಸಬೇಕೆಂದು ಬಾಯಿ ತೆರೆದೆ. ಚಾಚಿಯ ಬೈಗುಳ ಒಂದೊಂದೂ ಕಿವಿಯಲ್ಲಿವೆ, ಆಕೆ ಉಸಿರು ಬಿಗಿಹಿಡಿದು ಕೂತ ಬಂಡೆ ಕಣ್ಣಮುಂದಿದೆ... ಆ ಹಾಡು ಮಾತ್ರ ನೆನಪಿಲ್ಲ. ಮಗಳು ಕಾಯ್ದಳು. ನಾನು ಮತ್ತೆ ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಅದು ಹೇಗಿತ್ತೆಂದು ಕೇಳಿ ತಿಳಿಯಲು ಇನ್ನು ಚಾಚಿಯೂ ಇಲ್ಲ.