ಬನ್ಸು ಮತ್ತು ಬಾಂಬು

ನಿನ್ನೆ ಹೊಸಂಗಡಿಯ ಚಾ ಅಂಗಡಿಯಲ್ಲಿ ಅಕ್ಕನ ಜೊತೆ ಬಂದ ಅವಳ ಮಕ್ಕಳು ಐವರಿದ್ದರೋ ಆರೋ, ಖಚಿತವಿಲ್ಲ. ಮಕ್ಕಳಿಲ್ಲದ ನನ್ನ ಹೊಟ್ಟೆಕಿಚ್ಚು ಒಂದನ್ನು ಹೆಚ್ಚಿಗೆ ಎಣಿಸಿರಬಹುದು. ಬಸ್ಸಿಗೆ ಕಾಯುತ್ತಿದ್ದ ಮಾಸ್ತರರೊಬ್ಬರು ಪೇಪರು ಮಡಚಿ, "ಜನ ಹೀಗೆ ಹೆಚ್ಚಿದರೆ ರೇಶನ್ ಅಕ್ಕಿ ಎಲ್ಲಿಗೆ ಸಾಕು? ಹಸಿದವರೇ ನಾಳೆ ಬಾಂಬು ಹಾಕುವುದು" ಎಂದರು. ಕಾಲೇಜಿನಲ್ಲಿ ಅದನ್ನೇ ಬರೆದು ಪಾಸಾದ ನಾನು ತಲೆಯಾಡಿಸಿದೆ. ಅದು ನಂಬಿಕೆಯೋ, ಅಕ್ಕನಿಗೆ ಸ್ವಲ್ಪ ಚುಚ್ಚಲಿ ಎಂಬ ಆಸೆಯೋ?

ಅಕ್ಕ ನಕ್ಕಳು. "ಒಂದು ಬನ್ಸಿಗೇ ಇವರೊಳಗೆ ಯುದ್ಧ ಉಂಟು. ಬಾಂಬಿಗೆ ಪುರುಸೊತ್ತು ಎಲ್ಲಿ ಮಾರಾಯ್ರೆ?"

ಅಷ್ಟರಲ್ಲಿ ಅವಳ ಕಿರಿಯ ಮಗಳು ಕಿತ್ತಾಡಿ ಗೆದ್ದ ಬನ್ಸಿನ ಅರ್ಧವನ್ನು ನನ್ನ ಬಾಯಿಗೆ ತುರುಕಿ, ನನ್ನ ಮಡಿಲಲ್ಲೇ ನಿದ್ದೆಹೋದಳು. ನನ್ನ ಬಸ್ಸು ಬಂದಾಗ ಅವಳನ್ನು ಬಿಡಲಾರದೆ ಕೇಳಿದೆ:

"ಅಕ್ಕ, ಇವಳೊಬ್ಬಳನ್ನು ನನಗೆ ಕೊಡ್ತೀಯಾ?"