ಬರ್ರಿ ಅಂದ್ರ ತಿಳೀದ ಪಟ್ಟಿ

ಕಿವಿ ಕೇಳದವರಿಗೆ ನಮ್ಮ ಮಾತು ಮುಟ್ಟಿಸಾಕ ಕೈಗೆ ಕಟ್ಟೋ ಪಟ್ಟಿ ಒಂದು ಬಂದೈತಿ. ಒಂದೊಂದು ಶಬ್ದಕ್ಕ ಅದು ಒಂದೊಂದು ನಮೂನಿ ನಡುಗತೈತಿ. ಅದನ್ನ ಮಂದಿಗೆ ಕಟ್ಟಿ ಕಲಿಸೋದು ನನ್ನ ಕೆಲಸ. ಮುಂಡರಗಿ ದನದ ಸಂತ್ಯಾಗ ದಲಾಲಿ ಮಾಡೋ ಹುಸೇನಸಾಬರಿಗೆ ವಯಸ್ಸಾಗಿ ಕಿವಿ ಹೋಗ್ಯಾವು. ಅವರ ಕೈಗೆ ಕಟ್ಟಿದೆ.

“ಬರ್ರಿ ಸಾಬ್ರ,” ಅಂದೆ. ಪಟ್ಟಿ ಸುಮ್ಮನಿತ್ತು. “ಕುಂಡ್ರಿ,” ಅಂದೆ. ಅಲುಗಲಿಲ್ಲ. ಕಡೀಕ “ದಯವಿಟ್ಟು ಕುಳಿತುಕೊಳ್ಳಿ,” ಅಂದೆ. ಗುಂಯ್ ಅಂತು! ಅದನ್ನ ಮಾಡಿದ ಪುಣ್ಯಾತ್ಮರು ಅದಕ್ಕ ಪುಸ್ತಕದ ಕನ್ನಡ ಅಷ್ಟ ಕಲಿಸಿದ್ರು. ಎಮ್ಮಿಗಳ ನಡುವ ನಿಂತು ನಾನು ರೇಡಿಯೋದಾಗ ವಾರ್ತೆ ಓದೋರಂಗ ಒದರಾಕತ್ತಿದೆ. ಮಂದಿ ಸುತ್ತ ನೆರೆದು ನಗಾಕತ್ತಿದ್ರು.

“ಯಾಕ ಒದರ್ತಿ ತಮ್ಮಾ? ಕೈಲೆ ಮಾತಾಡೋದು ನಮಗ ಹೊಸಾದಲ್ಲ,” ಅಂತ ಸಾಬರು ತಮ್ಮ ಹೆಗಲ ಮ್ಯಾಲಿನ ಟವಲ್ ನನ್ನ ಕೈ ಮ್ಯಾಲ ಹಾಕಿದ್ರು. ದನದ ಕಿಮ್ಮತ್ತು ಮೂರನೇದವರಿಗೆ ಗೊತ್ತಾಗಬಾರದಂತ ಸಂತ್ಯಾಗ ಟವಲ್ ಕೆಳಗ ಬೆರಳು ಹಿಚುಕೇ ಮಾತಾಡ್ತಾರ. ಸಾಬರು ನನ್ನ ಬೆರಳು ಹಿಚುಕಿ, “ತಿಳೀತಿಲ್ಲೋ?” ಅಂದ್ರು. ಏನೂ ತಿಳಿದಿರಲಿಲ್ಲ. ಖರೆ, ಆ ಪಟ್ಟಿಯಂಗ ನಾನೂ ದಡ್ಡ ಅನ್ನಿಸಿಕೊಳ್ಳಬಾರದಂತ ಜೋರಾಗಿ ಗೋಣು ಹಾಕಿದೆ.

“ಕಿಮ್ಮತ್ತಿಗೆ ಗೋಣು ಹಾಕಿದ! ವ್ಯಾಪಾರ ಆತು!” ಅಂತ ಮಂದಿ ಕೂಗಿದ್ರು. ಸಾಬರ ಬಾಜೂಕ ಎಮ್ಮಿ ಮಾರಾಕ ನಿಂತಿದ್ದ ರೈತ ಅದರ ಹಗ್ಗ ನನ್ನ ಕೈಯಾಗಿಟ್ಟ.

“ದಯವಿಟ್ಟು ಕ್ಷಮಿಸಿ, ನನಗೆ ಎಮ್ಮೆ ಬೇಡ!” ಅಂತ ಚೀರಿದೆ. ಪಟ್ಟಿ ಅಕ್ಷರ ಬಿಡದಂಗ ಗುಂಯ್‌ಗುಟ್ಟಿತು. ಸಾಬರು ಅದನ್ನ ಬಿಚ್ಚಿ ನನ್ನ ಕಿಸೆದಾಗ ಹಾಕಿದ್ರು. “ಟವಲ್ ಕೆಳಗ ಕೊಟ್ಟ ಮಾತು ಬಾಯಿಲೆ ವಾಪಸ್ ತಗೊಳಾಕ ಬರೂದಿಲ್ಲ, ತಮ್ಮಾ.”

ಸಮಾಧಾನ ಒಂದ ಐತಿ. ಎಮ್ಮಿಗೆ ನಮ್ಮ ಕನ್ನಡ ತಿಳೀತೈತಿ.